ಸುಣ್ಣಕ್ಕೆ ಹುಳಿ, ಜಿಡ್ಡಿಗೆ ಸೋಡಾ: ಗಡಸು ನೀರಿನ ಊರಿನಲ್ಲಿ ಮನೆ ತೊಳೆಯುವ ಕ್ರಮ

ಕಲಬುರಗಿಯಲ್ಲಿ ನನ್ನನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದು: "ನಳದ ಮೇಲೆ, ಬಕೆಟ್ಟಿನ ಒಳಗೆ, ಬಚ್ಚಲ ಟೈಲ್ಸ್ ಮೇಲೆ ಬಿಳಿ ಪದರ ಕುಳಿತಿದೆ. ಎಷ್ಟು ಸಾಬೂನು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಏನು ಮಾಡಲಿ?" ಅದರ ಬೆನ್ನಿಗೇ ಬರುವ ದೂರು ಇನ್ನೊಂದು: "ಆ್ಯಸಿಡ್ ಸುರಿದು ತೊಳೆದೆವು, ಬಿಳಿ ಹೋಯಿತು. ಆದರೆ ಬಚ್ಚಲ ಬಾಗಿಲಿನ ಫರಸಿ, ಅಂದರೆ ಹಾಸುಗಲ್ಲು, ಕಳೆಗುಂದಿ ಒರಟಾಗಿಬಿಟ್ಟಿತು." ಇವು ಎರಡು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ, ಆದರೆ ಎರಡರ ಬೇರು ಒಂದೇ. ಅದನ್ನು ತಿಳಿದುಕೊಂಡರೆ ಮನೆ ತೊಳೆಯುವ ಕೆಲಸದ ಅರ್ಧ ದಣಿವು ಕಡಿಮೆಯಾಗುತ್ತದೆ.

ನಮ್ಮ ಕಡೆ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಗಡಸು ನೀರು ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪಬಹುದಾದ ಮಿತಿ ಎಂದಿದೆ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದಿದೆ. ಇಂಥ ನೀರು ಕಾದಾಗ ಅಥವಾ ಆರಿದಾಗ ಅದರೊಳಗಿನ ಲವಣ ಬಿಳಿ ಹಕ್ಕಳೆಯಾಗಿ ಉಳಿದುಕೊಳ್ಳುತ್ತದೆ. ಆ ಹಕ್ಕಳೆಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಪದಾರ್ಥ.

ಇನ್ನು ನಮ್ಮ ಮನೆಗಳ ನೆಲ ನೋಡಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ಆ ಬೂದು ಹಾಸುಗಲ್ಲೂ ಸುಣ್ಣದ ಕಲ್ಲೇ. ನಳದ ಮೇಲಿನ ಬಿಳಿ ಹಕ್ಕಳೆ, ಕಾಲ ಕೆಳಗಿನ ಫರಸಿ ಎರಡೂ ಒಂದೇ ಕುಲದವು. ಒಂದನ್ನು ಕರಗಿಸುವುದು ಇನ್ನೊಂದನ್ನೂ ಕರಗಿಸುತ್ತದೆ. ಆ್ಯಸಿಡ್ಡಿಗೆ ಹಕ್ಕಳೆ ಯಾವುದು, ನೆಲ ಯಾವುದು ಎಂದು ತಿಳಿಯುವುದಿಲ್ಲ.

ನಮ್ಮ ಮನೆಯ ಹೊಸ್ತಿಲ ಬಳಿಯ ಕಲ್ಲನ್ನು ನಾನೇ ಹೀಗೆ ಕೆಡಿಸಿದ್ದೇನೆ. ಆ ಗುರುತು ಇಂದಿಗೂ ಇದೆ. ಆದ್ದರಿಂದಲೇ ಈ ಲೇಖನದಲ್ಲಿ ಏನು ಹಚ್ಚಬೇಕು ಎನ್ನುವುದಕ್ಕಿಂತ ಎಲ್ಲಿ ಹಚ್ಚಬಾರದು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೇಕಾಗುವ ಸಾಮಾನು

ಬಣ್ಣಬಣ್ಣದ ಹತ್ತು ಬಾಟಲಿಗಳ ಅಗತ್ಯವಿಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಯಾವುದೇ ಕಿರಾಣಿ ಅಂಗಡಿಯಲ್ಲಿ ಸಿಗುವ ನಾಲ್ಕು ಪದಾರ್ಥ ಸಾಕು.

ನಿಂಬೆ ಉಪ್ಪು: ಸಿಟ್ರಿಕ್ ಆಮ್ಲದ ಹರಳು. ನೋಡಲು ಸಕ್ಕರೆಯಂತೆಯೇ ಇರುತ್ತದೆ, ಹಾಗಾಗಿ ಡಬ್ಬಿಯ ಮೇಲೆ ಹೆಸರು ಬರೆದು ಇಡಿ. ಆಮ್ಲ ಎಂದರೆ ಹುಳಿ ಗುಣದ ಪದಾರ್ಥ. ಅದು ಸುಣ್ಣವನ್ನು ಕರಗಿಸುತ್ತದೆ. ವಿನೆಗರ್ ಇದ್ದರೆ ಅದೂ ಆಗುತ್ತದೆ, ಆದರೆ ನಿಂಬೆ ಉಪ್ಪಿಗೆ ವಾಸನೆ ಇಲ್ಲ, ಬೆಲೆಯೂ ಕಡಿಮೆ ಬೀಳುತ್ತದೆ.

ಅಡುಗೆ ಸೋಡಾ ಮತ್ತು ಬಟ್ಟೆ ಸೋಡಾ: ಎರಡೂ ಕ್ಷಾರಗಳು, ಅಂದರೆ ಹುಳಿಗೆ ವಿರುದ್ಧ ಗುಣದವು. ಎಣ್ಣೆ ಜಿಡ್ಡನ್ನು ಸಡಿಲಿಸುವುದು ಇವುಗಳ ಕೆಲಸ. ಅಡುಗೆ ಸೋಡಾ ಸೌಮ್ಯ. ವಾಷಿಂಗ್ ಸೋಡಾ ಎಂದು ಕೇಳಿ ತರುವ ಬಟ್ಟೆ ಸೋಡಾ ಖಾರ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಒಡೆಯುತ್ತದೆ, ಕೈಗವಸು ಬೇಕು.

ಬ್ಲೀಚಿಂಗ್ ಪೌಡರ್: ಕಪ್ಪು ಬೂಷ್ಟು ತೆಗೆಯಲು, ರೋಗಾಣು ಕೊಲ್ಲಲು.

ಇವುಗಳ ಜೊತೆ ಪಾತ್ರೆ ತೊಳೆಯುವ ಸಾಬೂನು, ತೆಂಗಿನ ನಾರು, ಹಳೆಯ ಹಲ್ಲುಜ್ಜುವ ಬ್ರಷ್, ಹತ್ತಿ ಬಟ್ಟೆಯ ತುಂಡುಗಳು ಇರಲಿ. ಮೆತ್ತಗಾದ ಹಳೆಯ ಧೋತರದ ಬಟ್ಟೆಗಿಂತ ಒಳ್ಳೆಯ ಒರೆಸುಬಟ್ಟೆಯನ್ನು ನಾನು ಕಂಡಿಲ್ಲ.

ಕೆಲಸ ಹಿಡಿಯುವ ಮುಂಚೆ ಮೂರು ಎಚ್ಚರಿಕೆ

ಬ್ಲೀಚಿಂಗ್ ಪೌಡರ್ ಜೊತೆ ಯಾವ ಹುಳಿಯನ್ನೂ ಸೇರಿಸಬೇಡಿ. ಶೌಚಾಲಯ ತೊಳೆಯುವ ದ್ರವ, ಆ್ಯಸಿಡ್, ವಿನೆಗರ್, ನಿಂಬೆ ಉಪ್ಪು, ಯಾವುದೂ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸಿ ಶ್ವಾಸಕೋಶಕ್ಕೆ ಗಾಯ ಮಾಡಬಲ್ಲದು. ಇದರಲ್ಲಿ ಸ್ವಲ್ಪ, ಅದರಲ್ಲಿ ಸ್ವಲ್ಪ ಬೆರೆಸಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ದಯವಿಟ್ಟು ಅದನ್ನು ಬಿಡಿ. ನಮ್ಮ ಮನೆಯಲ್ಲಿ ಹುಳಿಯ ದಿನ ಬೇರೆ, ಬ್ಲೀಚಿಂಗ್ ದಿನ ಬೇರೆ. ಎರಡರ ನಡುವೆ ಜಾಗವನ್ನು ನೀರಿನಿಂದ ಚೆನ್ನಾಗಿ ತೊಳೆದು ಒಣಗಲು ಬಿಡುತ್ತೇವೆ.

ಬಿಡಿಯಾಗಿ ಸಿಗುವ ಆ್ಯಸಿಡ್ ಮನೆಗೆ ತರಲೇಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. 2013ರಲ್ಲಿ ಸುಪ್ರೀಂ ಕೋರ್ಟ್ ಅದರ ಚಿಲ್ಲರೆ ಮಾರಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಹಾಕಿದೆ. ಖಾಲಿ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಆ್ಯಸಿಡ್ಡನ್ನು ಮಕ್ಕಳು ನೀರೆಂದು ಕುಡಿಯುವ ಅಪಾಯ ನಿಜವಾದದ್ದು. ಜೊತೆಗೆ ಅದರ ಆವಿ ಸ್ಟೀಲನ್ನೂ ತಿನ್ನುತ್ತದೆ. ಮುಚ್ಚಳ ಸಡಿಲವಾದ ಬಾಟಲಿಯನ್ನು ಸಿಂಕಿನ ಕೆಳಗೆ ಇಟ್ಟರೆ ಸುತ್ತಲಿನ ಪಾತ್ರೆ, ಕೀಲು, ಚಿಲಕಗಳಿಗೆಲ್ಲ ತುಕ್ಕು ಬರುತ್ತದೆ.

ಮೂರನೆಯದು, ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಬೆರೆಸಿದರೆ ನೊರೆ ಉಕ್ಕುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅಪಾಯವಿಲ್ಲ, ಆದರೆ ಪ್ರಯೋಜನವೂ ಬಹಳ ಇಲ್ಲ. ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರಿನಂಥ ದ್ರವ. ಯಾವುದಕ್ಕೆ ಯಾವುದು ಬೇಕೋ ಅದನ್ನು ಒಂದೊಂದಾಗಿ ಬಳಸಿ.

ಹಂತ 1: ಕಲೆ ಯಾವುದು, ಅಡಿಯಲ್ಲಿರುವುದು ಯಾವುದು?

ಕಲೆಯನ್ನು ಉಗುರಿನಿಂದ ಕೆರೆದು ನೋಡಿ. ಬಿಳಿ ಪುಡಿ ಉದುರಿದರೆ ಸುಣ್ಣ, ಅದಕ್ಕೆ ಹುಳಿ. ಬೆರಳಿಗೆ ಅಂಟಿದರೆ ಜಿಡ್ಡು. ಅದಕ್ಕೆ ಸೋಡಾ ಮತ್ತು ಬಿಸಿನೀರು. ಮೂಲೆಯಲ್ಲಿ ಕಪ್ಪು ಚುಕ್ಕೆಗಳಾಗಿ ಹಬ್ಬಿದ್ದರೆ ಬೂಷ್ಟು, ಅದಕ್ಕೆ ಬ್ಲೀಚಿಂಗ್. ಕೆಂಪು ಮಿಶ್ರಿತ ಕಂದು ಬಣ್ಣವಿದ್ದರೆ ತುಕ್ಕು ಅಥವಾ ಕೆಮ್ಮಣ್ಣು. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನ ಬಣ್ಣವೂ ಕಬ್ಬಿಣದ್ದೇ. ಇಂಥ ಕಲೆಗೆ ಬ್ಲೀಚಿಂಗ್ ಹಾಕಿದರೆ ಹೋಗುವ ಬದಲು ಗಟ್ಟಿಯಾಗಿ ಕೂರುತ್ತದೆ. ಬಿಳಿ ಬಟ್ಟೆಯ ಮೇಲಾದರೆ ನಿಂಬೆ ಉಪ್ಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆಯಿರಿ.

ಈಗ ಅಡಿಯ ವಿಷಯ. ನಿಮ್ಮ ನೆಲ, ಅಡುಗೆಕಟ್ಟೆ ಯಾವ ಕಲ್ಲಿನದು ಎಂಬ ಅನುಮಾನವಿದ್ದರೆ, ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆ ರಸ ಬಿಡಿ. ಐದು ನಿಮಿಷದಲ್ಲಿ ಸಣ್ಣ ಗುಳ್ಳೆ ಎದ್ದರೆ, ಅಥವಾ ಒರೆಸಿದ ಮೇಲೆ ಮಸುಕಾದ ಗುರುತು ಉಳಿದರೆ, ಅದು ಸುಣ್ಣದ ಕಲ್ಲು. ಶಹಾಬಾದ್ ಕಲ್ಲು, ಕಡಪ ಕಲ್ಲು, ಅಮೃತಶಿಲೆ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಕರಿ ಬಣ್ಣ ನೋಡಿ ಕಡಪವನ್ನು ಗ್ರಾನೈಟ್ ಎಂದು ತಿಳಿಯುವವರು ಬಹಳ. ಹುಣಸೆಹಣ್ಣು ಕಿವುಚಿದ ಜಾಗದಲ್ಲಿ, ಮಜ್ಜಿಗೆ ಚೆಲ್ಲಿದ ಜಾಗದಲ್ಲಿ ಕಡಪದ ಕಟ್ಟೆ ಬೆಳ್ಳಗಾಗುವುದು ಇದೇ ಕಾರಣಕ್ಕೆ. ಅದು ಕೊಳೆಯಲ್ಲ, ಕಲ್ಲೇ ಸವೆದ ಗುರುತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಯಂತ್ರದಿಂದ ಪಾಲಿಶ್ ಮಾಡಿಸಿದರೆ ಮಾತ್ರ ಹೋಗುತ್ತದೆ.

ಹಂತ 2: ಬಚ್ಚಲು

ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು ಕರಗಿಸಿ. ಇದನ್ನು ಮುಂದೆ ಹುಳಿನೀರು ಎಂದೇ ಕರೆಯುತ್ತೇನೆ. ಬಚ್ಚಲ ಹೆಚ್ಚಿನ ಕೆಲಸಕ್ಕೆ ಇಷ್ಟೇ ಸಾಕು.

ನಳಕ್ಕೆ ಮಾಡಬೇಕಾದದ್ದು: ಹತ್ತಿ ಬಟ್ಟೆಯನ್ನು ಹುಳಿನೀರಿನಲ್ಲಿ ಅದ್ದಿ ನಳಕ್ಕೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅರ್ಧ ಗಂಟೆ ಬಿಡಿ. ಬಿಚ್ಚಿ, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ನೀರು ಹಾಕಿ, ಒಣ ಬಟ್ಟೆಯಿಂದ ಒರೆಸಿ. ಹಳೆಯ ಹಕ್ಕಳೆ ಒಂದೇ ಸಲಕ್ಕೆ ಹೋಗದಿದ್ದರೆ ಮಾರನೆಯ ದಿನ ಮತ್ತೆ ಮಾಡಿ. ರಾತ್ರಿಯಿಡೀ ಕಟ್ಟಿಡಬೇಡಿ, ಹೊಳಪಿನ ಲೇಪ ಏಳುತ್ತದೆ. ಸ್ಟೀಲ್ ಸ್ಕ್ರಬ್ಬರ್ ಅಂತೂ ಬೇಡವೇ ಬೇಡ. ಅದು ಎಳೆದ ಗೀರುಗಳಲ್ಲಿ ಮುಂದಿನ ಹಕ್ಕಳೆ ಇನ್ನೂ ಬೇಗ ಕೂರುತ್ತದೆ. ನಳದ ಬಾಯಿಯ ಜಾಲರಿ ಮತ್ತು ಶವರ್ ತಲೆ ಬಿಚ್ಚಲು ಬಂದರೆ ಬಿಚ್ಚಿ, ಒಂದು ಡಬ್ಬಿ ಹುಳಿನೀರಿನಲ್ಲಿ ಮುಳುಗಿಸಿಡಿ. ನೀರು ಸಣ್ಣಗೆ ಬರುತ್ತದೆ ಎಂದು ಪ್ಲಂಬರ್‌ಗೆ ಫೋನ್ ಮಾಡುವ ಮುಂಚೆ ಇದನ್ನು ಮಾಡಿ ನೋಡಿ.

ಬಕೆಟ್, ತಂಬಿಗೆ, ಮಗ್‌ಗಳಿಗೆ ಹುಳಿನೀರು ಸವರಿ ಹತ್ತು ನಿಮಿಷ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ತಂಬಿಗೆ ಅಲ್ಯೂಮಿನಿಯಂದಾದರೆ ಐದೇ ನಿಮಿಷ.

ಟೈಲ್ಸ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಟೈಲ್ಸ್‌ಗೆ ಹುಳಿಯಿಂದ ಏನೂ ಆಗುವುದಿಲ್ಲ, ಆದರೆ ಅವುಗಳ ನಡುವಿನ ಸಂದಿಯಲ್ಲಿ ತುಂಬಿರುವುದು ಸಿಮೆಂಟ್. ಸಿಮೆಂಟಿನಲ್ಲೂ ಸುಣ್ಣವಿದೆ. ಪದೇ ಪದೇ ಹುಳಿ ಕುಡಿದರೆ ಸಂದಿ ಪುಡಿಯಾಗುತ್ತದೆ, ನೀರು ಗೋಡೆಯೊಳಗೆ ಇಳಿಯುತ್ತದೆ. ಆದ್ದರಿಂದ ಮೊದಲು ಗೋಡೆಗೆ ಬರಿ ನೀರು ಎರಚಿ ಸಂದಿಗಳನ್ನು ನೆನೆಸಿ. ನೀರು ಕುಡಿದ ಸಂದಿ ಹುಳಿಯನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಆಮೇಲೆ ಹುಳಿನೀರನ್ನು ಬಟ್ಟೆಯಿಂದ ಟೈಲ್ಸ್ ಮೇಲೆ ಸವರಿ, ಹತ್ತು ನಿಮಿಷದೊಳಗೆ ಉಜ್ಜಿ, ಧಾರಾಳವಾಗಿ ನೀರು ಹಾಕಿ. ಆ ನೀರು ಹರಿದು ಹೋಗುವ ದಾರಿಯಲ್ಲಿ ಫರಸಿ ಇದ್ದರೆ ಅದನ್ನೂ ಮೊದಲೇ ಒದ್ದೆ ಮಾಡಿ, ಕೊನೆಗೆ ಎರಡು ಬಕೆಟ್ ಹೆಚ್ಚು ನೀರು ಸುರಿದುಬಿಡಿ.

ಬಚ್ಚಲ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಬೂದು ಬಣ್ಣದ, ಜಿಡ್ಡೂ ಅಲ್ಲದ ಸುಣ್ಣವೂ ಅಲ್ಲದ ಪದರ ಕಾಣುತ್ತದೆಯೇ? ಅದು ಸಾಬೂನು ಮತ್ತು ಗಡಸು ನೀರು ಸೇರಿ ಆದ ಗಸಿ. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವ ಮುಂಚೆ ಕ್ಯಾಲ್ಸಿಯಂ ಜೊತೆ ಕೂಡಿ ಈ ಗಸಿಯಾಗುತ್ತದೆ. ನೊರೆ ಬರಲಿಲ್ಲವೆಂದು ಸಾಬೂನು ಹೆಚ್ಚು ಹಾಕಿದಷ್ಟೂ ಗಸಿ ಹೆಚ್ಚು. ಇದಕ್ಕೆ ಮೊದಲು ಹುಳಿನೀರು ಹಚ್ಚಿ ತೊಳೆಯಿರಿ, ಆಮೇಲೆ ಪಾತ್ರೆ ತೊಳೆಯುವ ದ್ರವ ಸಾಬೂನಿನಿಂದ ಉಜ್ಜಿ. ಕ್ರಮ ಹಿಂದುಮುಂದಾದರೆ ಕೆಲಸ ಆಗುವುದಿಲ್ಲ.

ಶೌಚಾಲಯದ ಬೇಸಿನ್ನಿಗೆ ಅಂಗಡಿಯ ದ್ರವವನ್ನೇ ಬಳಸಿ. ಅದರಲ್ಲಿಯೂ ಆ್ಯಸಿಡ್ಡೇ ಇರುತ್ತದೆ, ಆದರೆ ಅಳತೆಯಲ್ಲಿ ಇರುತ್ತದೆ. ಹೆಚ್ಚಿನವರು ಮಾಡುವ ತಪ್ಪು ಒಂದೇ: ತಳದಲ್ಲಿ ನಿಂತ ನೀರಿನ ಮೇಲೆಯೇ ಅದನ್ನು ಸುರಿಯುವುದು. ಮೊದಲು ಬ್ರಷ್‌ನಿಂದ ನೀರನ್ನು ಒಳಕ್ಕೆ ನೂಕಿ, ಆಮೇಲೆ ದ್ರವ ಹಚ್ಚಿ 20 ನಿಮಿಷ ಬಿಡಿ. ಅರ್ಧದಷ್ಟು ದ್ರವದಲ್ಲಿ ಕೆಲಸ ಮುಗಿಯುತ್ತದೆ.

ಮೂಲೆಯ ಕಪ್ಪು ಬೂಷ್ಟಿಗೆ ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ತಳದಲ್ಲಿ ಕುಳಿತದ್ದು ಸುಣ್ಣ. ಅದನ್ನೂ ಹಚ್ಚಿದರೆ ಮತ್ತೊಂದು ಬಿಳಿ ಕಲೆಯನ್ನು ನಾವೇ ತಂದುಕೊಂಡಂತೆ. ಕಿಟಕಿ ತೆರೆದು, ಮೂಗಿಗೆ ಬಟ್ಟೆ ಕಟ್ಟಿ, ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯಿರಿ. ಮತ್ತೆ ನೆನಪಿಡಿ: ಇದನ್ನು ಹುಳಿಯ ದಿನ ಮಾಡಬಾರದು.

ಬಚ್ಚಲು ತೊಳೆದಾದ ಮೇಲೆ ನೀರೆಳೆಯುವ ರಬ್ಬರ್ ವೈಪರ್‌ನಿಂದ ಗೋಡೆಯ ನೀರನ್ನೂ ಎಳೆಯಿರಿ. ಮನೆಯವರೆಲ್ಲ ಸ್ನಾನ ಮುಗಿಸಿದ ಮೇಲೆ ಒಂದೇ ನಿಮಿಷದ ಕೆಲಸ ಇದು. ಆರಲು ನೀರೇ ಇಲ್ಲದಿದ್ದರೆ ಹಕ್ಕಳೆ ಕೂರುವುದು ಎಲ್ಲಿಂದ?

ಹಂತ 3: ನೀರು ಕಾಯಿಸುವ ರಾಡ್

ಚಳಿಗಾಲ ಬಂದರೆ ಅನೇಕ ಮನೆಗಳಲ್ಲಿ ರಾಡ್ ಹೊರಬರುತ್ತದೆ. ಸುಣ್ಣದ ದಪ್ಪ ಅಂಗಿ ತೊಟ್ಟ ರಾಡ್ ನೀರನ್ನು ತಡವಾಗಿ ಕಾಯಿಸುತ್ತದೆ, ಕರೆಂಟ್ ಹೆಚ್ಚು ತಿನ್ನುತ್ತದೆ, ಬೇಗ ಸುಟ್ಟು ಹೋಗುತ್ತದೆ. ಪ್ಲಗ್ ತೆಗೆದು, ರಾಡ್ ಪೂರ್ತಿ ತಣ್ಣಗಾದ ಮೇಲೆ, ಕಾಯುವ ಸುರುಳಿ ಮಾತ್ರ ಮುಳುಗುವಂತೆ ಹುಳಿನೀರಿನಲ್ಲಿ ಒಂದು ಗಂಟೆ ಇಳಿಬಿಡಿ. ಹಿಡಿಕೆ, ವಯರ್ ಒದ್ದೆಯಾಗಬಾರದು. ಚಾಕುವಿನಿಂದ ಹೆರೆಯುವುದು, ಕಲ್ಲಿಗೆ ಕುಟ್ಟುವುದು ಎರಡೂ ಅಪಾಯ. ಮೇಲಿನ ಕವಚ ಬಿರುಕು ಬಿಟ್ಟರೆ ನೀರಿಗೇ ಕರೆಂಟ್ ಬರುತ್ತದೆ. ಬಿರುಕು ಕಂಡ ರಾಡ್ ಬಳಸಬೇಡಿ.

ಹಂತ 4: ಅಡುಗೆಮನೆಯ ಜಿಡ್ಡು

ನಮ್ಮ ಕಡೆಯ ಅಡುಗೆಮನೆಯ ಜಿಡ್ಡು ಅಂಟಂಟಾಗಿ, ಹಳದಿ ಅರಗಿನಂತೆ ಗಟ್ಟಿಯಾಗುವುದಕ್ಕೆ ಒಂದು ಕಾರಣವಿದೆ. ಇಲ್ಲಿ ಅಡುಗೆಗೆ ಬಳಸುವ ಕುಸುಬೆ ಎಣ್ಣೆ ಒಣಗುವ ಗುಣದ ಎಣ್ಣೆ. ಗಾಳಿಗೆ ತೆರೆದಿಟ್ಟರೆ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ತೆಳುವಾದ ಪೊರೆಯಾಗುತ್ತದೆ. ಬಣ್ಣ ಮತ್ತು ವಾರ್ನಿಷ್ ತಯಾರಿಕೆಯಲ್ಲಿ ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಒಗ್ಗರಣೆಯ ಆವಿಯಾಗಿ ಗೋಡೆಗೆ, ಡಬ್ಬಿಗಳಿಗೆ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ಅಂಟಿದ ಎಣ್ಣೆಯ ಮೇಲೆ ಜೋಳದ ಹಿಟ್ಟಿನ ಧೂಳು ಕೂತರೆ ಹೇಳುವುದೇ ಬೇಡ. ಬರಿ ಸಾಬೂನಿಗೆ ಅದು ಜಗ್ಗುವುದಿಲ್ಲ. ಕ್ಷಾರ, ಬಿಸಿ, ಸಮಯ ಮೂರೂ ಬೇಕು.

ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ, ನಾಲ್ಕು ಹನಿ ಪಾತ್ರೆ ಸಾಬೂನು ಹಾಕಿ. ಸ್ಟೀಲ್ ಡಬ್ಬಿ, ಎಣ್ಣೆ ಡಬ್ಬಿ, ಜಾಲರಿಗಳನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಗೋಡೆಯ ಟೈಲ್ಸ್‌ಗೆ ಬಟ್ಟೆಯನ್ನು ಅದ್ದಿ ಹಿಂಡಿ ಹತ್ತು ನಿಮಿಷ ಅಂಟಿಸಿಬಿಡಿ. ಆಮೇಲೆ ಒರೆಸಿದರೆ ಜಿಡ್ಡು ಬೆಣ್ಣೆಯಂತೆ ಎದ್ದು ಬರುತ್ತದೆ. ಅವಸರದಲ್ಲಿ ಉಜ್ಜುವುದಕ್ಕಿಂತ ಈ ಹತ್ತು ನಿಮಿಷ ಕಾಯುವುದು ದೊಡ್ಡ ಉಪಾಯ.

ಇಲ್ಲಿ ಗಮನಿಸಬೇಕಾದ್ದು ಅಲ್ಯೂಮಿನಿಯಂ. ಕುಕ್ಕರ್, ಅಲ್ಯೂಮಿನಿಯಂ ಬೋಗುಣಿ, ಕೆಲವು ಒಲೆಗಳ ಬರ್ನರ್‌ಗಳು ಬಟ್ಟೆ ಸೋಡಾ ತಾಗಿದರೆ ಕಪ್ಪಾಗಿ ತೂತುತೂತಾಗುತ್ತವೆ. ಅವಕ್ಕೆ ಪಾತ್ರೆ ಸಾಬೂನು ಮಾತ್ರ. ಗಡಸು ನೀರು ಕುದಿಸಿದ ಕುಕ್ಕರಿನ ಒಳಭಾಗ ಹೇಗೂ ಕಪ್ಪಾಗುತ್ತದೆ; ಅದಕ್ಕೆ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ ಅಥವಾ ಸ್ವಲ್ಪ ಹುಣಸೆಹಣ್ಣು ಹಾಕಿ ನೀರು ತುಂಬಿ, ಮುಚ್ಚಳ ಹಾಕದೆ ಹತ್ತು ನಿಮಿಷ ಕುದಿಸಿ. ತೊಗರಿಬೇಳೆ ಉಕ್ಕಿ ಸೀಟಿಯ ಕೊಳವೆಯಲ್ಲಿ ಕಟ್ಟಿಕೊಂಡಿದೆಯೇ ಎಂದು ಪ್ರತಿ ಸಲ ತೊಳೆಯುವಾಗಲೂ ಬೆಳಕಿಗೆ ಹಿಡಿದು ನೋಡಿ. ಇದು ಸ್ವಚ್ಛತೆಯ ಮಾತಲ್ಲ, ಜೀವದ ಮಾತು.

ಒಲೆಯ ಹಿತ್ತಾಳೆ ಬರ್ನರ್‌ಗಳನ್ನು ರೆಗ್ಯುಲೇಟರ್ ಬಂದ್ ಮಾಡಿ, ತಣ್ಣಗಾದ ಮೇಲೆ ಎತ್ತಿ, ಬಿಸಿ ಹುಳಿನೀರಿನಲ್ಲಿ 20 ನಿಮಿಷ ನೆನೆಸಿ. ತೂತುಗಳನ್ನು ಸೂಜಿಯಿಂದ ಬಿಡಿಸಿ. ಪೂರ್ತಿ ಒಣಗಿದ ಮೇಲಷ್ಟೇ ಮರಳಿ ಕೂಡಿಸಿ.

ರೊಟ್ಟಿಯ ಕಬ್ಬಿಣದ ಹಂಚಿಗೆ ಮಾತ್ರ ಈ ಯಾವ ನಿಯಮವೂ ಇಲ್ಲ. ಗೋಡೆಯ ಮೇಲೆ ನಾವು ಬೈಯುವ ಅದೇ ಎಣ್ಣೆಯ ಪೊರೆ ಹಂಚಿನ ಮೇಲೆ ಕಪ್ಪು ಕವಚವಾಗಿ ಅದನ್ನು ತುಕ್ಕಿನಿಂದ ಕಾಪಾಡುತ್ತದೆ. ಸೋಡಾ, ಹುಳಿ ಹಾಕಿ ಅದನ್ನು ತೆಗೆದರೆ ಮಾರನೆಯ ದಿನವೇ ತುಕ್ಕು ಹಿಡಿಯುತ್ತದೆ. ಸುಟ್ಟ ಹಿಟ್ಟನ್ನು ಒಣಗಿದ್ದಾಗಲೇ ಮರದ ಚಮಚದಿಂದ ಕೆರೆದು, ಬಿಸಿನೀರು ಮತ್ತು ನಾರಿನಿಂದ ತಿಕ್ಕಿ, ಉರಿಯ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಇಡಿ.

ಸ್ಟೀಲ್ ಸಿಂಕಿಗೆ ಅಡುಗೆ ಸೋಡಾ ಉದುರಿಸಿ ಒದ್ದೆ ನಾರಿನಿಂದ ಉಜ್ಜಿದರೆ ಸಾಕು. ಬ್ಲೀಚಿಂಗ್ ಪೌಡರನ್ನು ಸಿಂಕಿನಲ್ಲಿ ರಾತ್ರಿಯಿಡೀ ಬಿಡಬೇಡಿ, ಸಣ್ಣ ಸಣ್ಣ ತುಕ್ಕಿನ ಕುಳಿ ಬೀಳುತ್ತದೆ.

ಹಂತ 5: ಫರಸಿ ನೆಲ

ಮೊದಲು ಒಣ ಕಸ, ಆಮೇಲೆ ನೀರು. ಬೇಸಿಗೆಯ ಗಾಳಿ ತರುವ ಮಣ್ಣಿನ ಧೂಳಿನ ಮೇಲೆ ನೇರವಾಗಿ ಒದ್ದೆ ಬಟ್ಟೆ ಎಳೆದರೆ ಅದು ಕೆಸರಾಗಿ ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ವಾಡಿ, ಸೇಡಂನಂಥ ಸಿಮೆಂಟ್ ಕಾರ್ಖಾನೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒರೆಸುವ ನೀರಿಗೆ ಒಂದು ಬಕೆಟ್ಟಿಗೆ ಒಂದು ಸಣ್ಣ ಚಮಚ ಪಾತ್ರೆ ಸಾಬೂನು ಸಾಕು. ಫಿನೈಲ್ ರೋಗಾಣುಗಳಿಗೆ; ಕೊಳೆ ತೆಗೆಯುವ ಗುಣ ಅದಕ್ಕೆ ಹೆಚ್ಚಿಲ್ಲ. ಕೊಳೆಯ ಮೇಲೆ ಫಿನೈಲ್ ಹಾಕಿದರೆ ವಾಸನೆ ಮಾತ್ರ ಬದಲಾಗುತ್ತದೆ. ಹಾಗೆಯೇ ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿಸಿ ನೆಲ ಒರೆಸುವ ಒಳ್ಳೆಯ ರೂಢಿ ಹಲವರಲ್ಲಿದೆ. ನೀರು ವ್ಯರ್ಥ ಮಾಡಬಾರದೆಂಬ ಅವರ ಕಾಳಜಿಗೆ ನನ್ನ ಗೌರವವಿದೆ. ಆದರೆ ಆ ನೀರಿನಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚು ಸಾಂದ್ರವಾಗಿರುತ್ತದೆ. ಬೂದು ಕಲ್ಲಿನ ಮೇಲೆ ಬಿಳಿ ಮಬ್ಬು ಬಿಡುತ್ತದೆ. ಅದನ್ನು ಶೌಚಾಲಯಕ್ಕೆ ಸುರಿಯಲು, ಅಂಗಳಕ್ಕೆ ಹೊಡೆಯಲು ಬಳಸಿ.

ಫರಸಿಯ ಮೇಲೆ ಎಣ್ಣೆ ಚೆಲ್ಲಿದರೆ ಕಲ್ಲು ಅದನ್ನು ಕುಡಿಯುತ್ತದೆ. ಒತ್ತಿ ಒರೆಸಿ, ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಬೆರೆಸಿ ದಪ್ಪನೆಯ ಹಿಟ್ಟಿನಂತೆ ಕಲಸಿ ಬೆರಳಷ್ಟು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗ ಅದು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು.

ನೆಲದಲ್ಲೇ ಉಪ್ಪಿನಂಥ ಬಿಳಿ ಹೂವು ಎದ್ದರೆ ಅದು ಕೆಳಗಿನ ತೇವದೊಂದಿಗೆ ಮೇಲೆ ಬಂದ ಲವಣ. ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಹುಳಿಯಂತೂ ಖಂಡಿತ ಬೇಡ.

ಹಂತ 6: ಕೂಲರ್

ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಕೂಲರ್ ಸ್ವಚ್ಛತೆ ಬಿಟ್ಟರೆ ಲೇಖನ ಅಪೂರ್ಣ. ಮುಟ್ಟುವ ಮುಂಚೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಬಂದ್ ಮಾಡಿದರೆ ಸಾಲದು. ತಗಡಿನ ಕೂಲರ್ ಆದರೆ ಈ ಮಾತನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಕೂಲರಿನಿಂದ ಆವಿಯಾಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಮೇಲಿಂದ ಮೇಲೆ ನೀರು ತುಂಬುತ್ತ ಹೋದರೆ ತೊಟ್ಟಿಯ ನೀರು ದಿನದಿನಕ್ಕೆ ಗಡಸಾಗಿ, ಕೂಲರಿನ ಬದಿಗಳಿಗೆ ತುಂಬಿದ ಕಟ್ಟಿಗೆಯ ಹುಲ್ಲಿನ ಮೇಲೆ ಕಲ್ಲು ಕಟ್ಟುತ್ತದೆ, ಗಾಳಿ ನಿಲ್ಲುತ್ತದೆ, ಪಂಪು ಜಾಮ್ ಆಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಉಳಿದ ನೀರನ್ನು ಪೂರ್ತಿ ಹೊರಬಿಟ್ಟು ಹೊಸ ನೀರು ತುಂಬಿ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಗೋಡೆಗಳನ್ನು ಬ್ರಷ್‌ನಿಂದ ತಿಕ್ಕಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಮೇಲ್ಭಾಗದ ಗೋಡೆಗೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ನೀರು ಚೆಲ್ಲಿದರೆ ಮರಿ ಹೋಗುತ್ತದೆ, ಮೊಟ್ಟೆ ಹೋಗುವುದಿಲ್ಲ. ತಿಕ್ಕುವುದು ಅದಕ್ಕೇ.

ಪ್ಲಾಸ್ಟಿಕ್ ತೊಟ್ಟಿಗೆ ಹುಳಿನೀರು ಬಳಸಬಹುದು. ತಗಡಿನ ತೊಟ್ಟಿಗೆ ಬೇಡ. ತಗಡಿನ ಮೇಲಿರುವ ಸತುವಿನ ಲೇಪವನ್ನು ಹುಳಿ ತಿಂದು ತುಕ್ಕಿಗೆ ದಾರಿ ಮಾಡುತ್ತದೆ. ಕಟ್ಟಿಗೆಯ ಹುಲ್ಲನ್ನು ತೊಳೆಯುತ್ತ ಕೂರಬೇಡಿ, ಪ್ರತಿ ಬೇಸಿಗೆಗೆ ಹೊಸದು ಹಾಕಿಸಿ.

ಹಂತ 7: ತಾಮ್ರ, ಹಿತ್ತಾಳೆ, ಬಿದರಿ

ತಾಮ್ರದ ಕೊಡ, ಹಿತ್ತಾಳೆಯ ಸಮೆ (ದೀಪ)ಗಳಿಗೆ ಹುಣಸೆಹಣ್ಣು ಮತ್ತು ಉಪ್ಪಿಗಿಂತ ಬೇರೆ ಬೇಕಿಲ್ಲ. ಉಜ್ಜಿದ ಕೂಡಲೇ ತೊಳೆದು ಒಣಗಿಸಿ. ಹುಳಿ ಉಳಿದರೆ ಮರುದಿನ ಹಸಿರು ಕಿಲುಬು ಬರುತ್ತದೆ. ಒಳಗೆ ಕಲಾಯಿ, ಅಂದರೆ ತವರದ ಲೇಪ ಇರುವ ಹಿತ್ತಾಳೆ ಪಾತ್ರೆಯಾದರೆ ಹೊರಭಾಗಕ್ಕೆ ಮಾತ್ರ ಹುಣಸೆ. ಒಳಭಾಗಕ್ಕೆ ಮೆತ್ತನೆಯ ಬಟ್ಟೆ ಮತ್ತು ಸಾಬೂನು.

ಬಿದರಿ ಸಾಮಾನಿನ ಬಗ್ಗೆ ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ಮದುವೆ, ಸನ್ಮಾನಗಳಲ್ಲಿ ಬಂದ ಬಿದರಿ ಹೂದಾನಿ, ತಟ್ಟೆಗಳನ್ನು ಹಿತ್ತಾಳೆಯಂತೆ ಹುಣಸೆಹಣ್ಣಿನಿಂದ ಉಜ್ಜಿ ಹಾಳು ಮಾಡಿದ್ದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಬಿದರಿಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಅದರ ಕಪ್ಪು ಬಳಿದ ಬಣ್ಣವಲ್ಲ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರ (ಅಮೋನಿಯಂ ಕ್ಲೋರೈಡ್ ಲವಣ)ದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಲೋಹಕ್ಕೆ ಉಜ್ಜಿದಾಗ ಮೈ ಮಾತ್ರ ಕಪ್ಪಾಗಿ, ಕೂರಿಸಿದ ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಹುಳಿ ತಾಗಿದರೆ ಆ ಕಪ್ಪು ಏಳುತ್ತದೆ, ಅಡಿಯ ಸತುವೂ ಕರಗುತ್ತದೆ. ಹುಣಸೆ, ನಿಂಬೆ, ಹಿತ್ತಾಳೆ ಪುಡಿ, ಹಲ್ಲುಜ್ಜುವ ಪೇಸ್ಟ್ ಯಾವುದನ್ನೂ ಮುಟ್ಟಿಸಬೇಡಿ. ಬೆಳ್ಳಿಯನ್ನು ಹೊಳೆಯಿಸಲು ಸೋಡಾ ನೀರಿನಲ್ಲಿ ಅಲ್ಯೂಮಿನಿಯಂ ಹಾಳೆ ಹಾಕುವ ಉಪಾಯವೂ ಇಲ್ಲಿ ಸಲ್ಲದು.

ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ. ಕಪ್ಪು ಮಂಕಾಗಿದ್ದರೆ ಬಟ್ಟೆಯ ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ತಾಗಿಸಿ ಸವರಿ, ಇನ್ನೊಂದು ಬಟ್ಟೆಯಿಂದ ಉಳಿದ ಎಣ್ಣೆ ಒರೆಸಿಬಿಡಿ. ಹೂದಾನಿಯಲ್ಲಿ ನೀರು ತುಂಬಿ ಹೂವು ಇಡಬೇಡಿ; ಇಡಲೇಬೇಕೆಂದಿದ್ದರೆ ಒಳಗೊಂದು ಗಾಜಿನ ಲೋಟ ಕೂಡಿಸಿ ಅದರಲ್ಲಿ ಇಡಿ. ಈಗಾಗಲೇ ಕಪ್ಪು ಎದ್ದು ತಗಡಿನ ಬಣ್ಣ ಕಾಣುತ್ತಿದ್ದರೆ ಮನೆಯಲ್ಲಿ ಏನನ್ನೂ ಹಚ್ಚದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀದರ್‌ಗೆ ಹೋದಾಗ ಬಿದರಿ ಮಾಡುವ ಕುಶಲಕರ್ಮಿಗಳ ಕೈಗೇ ಕೊಟ್ಟು ಕೇಳಿ.